ಕನ್ನಡಿ ಮುಂದೆ ನಮಗೆ ನಾವೇ ಹೇಳಿಕೊಳ್ಳುವ ಮಾತು: ಕ್ರೈಸ್ತ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಹಿಳಾ ಕೂಟದಲ್ಲಿ, ಯೂತ್ ಮೀಟಿಂಗ್ ಮುಗಿದ ಮೇಲೆ, ಕೆಲವೊಮ್ಮೆ ರಾತ್ರಿ ಹೊತ್ತು ವಾಟ್ಸಾಪ್‌ನಲ್ಲಿ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳಿವು. ಸಿಎಸ್‌ಐನವರಾಗಲಿ, ಕ್ಯಾಥೊಲಿಕ್‌ರಾಗಲಿ, ಪೆಂತೆಕೋಸ್ತ್ ಸಭೆಯವರಾಗಲಿ, ಕೇಳುವುದು ಹೆಚ್ಚುಕಡಿಮೆ ಇದನ್ನೇ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕೇ ಸಾಲು. ನಿಮಗೆ ಬೇಕಾದ್ದನ್ನು ಮೊದಲು ಓದಿ.

ಇದೆಲ್ಲ ಲೋಕದ ವಿಷಯ ಅಲ್ವಾ? ಸಭೆಯಲ್ಲಿ ಮೈ ಬಗ್ಗೆ ಯಾಕೆ ಮಾತಾಡಬೇಕು?

ಮಾತಾಡಲೇಬೇಕು. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿದ, ವಾಕ್ಯವಾಗಿದ್ದಾತ ಮನುಷ್ಯನಾಗಿ ನಮ್ಮ ಮಧ್ಯೆ ಬಾಳಿದ (ಯೋಹಾನ 1:14), ಸತ್ತವರು ಎದ್ದು ಬರುತ್ತಾರೆ ಅಂತ ನಂಬುವವರು ನಾವು. ಮೈ ಬಿಟ್ಟರೆ ನಮ್ಮ ನಂಬಿಕೆಯಲ್ಲಿ ಏನು ಉಳಿಯುತ್ತೆ? ಯೇಸುವಿಗೆ ನಿಜವಾದ ಮೈ ಇರಲಿಲ್ಲ, ಇದ್ದ ಹಾಗೆ ಕಾಣುತ್ತಿತ್ತು ಅಷ್ಟೇ ಅಂತ ಕಲಿಸುವವರು ಆಗಲೂ ಇದ್ದರು. ಅವರ ವಿರುದ್ಧ 2ನೇ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಪತ್ರ ಬರೆದಿದ್ದಾರೆ, ಅದೂ ರೋಮ್‌ಗೆ ಮರಣದಂಡನೆಗೆ ಕರೆದೊಯ್ಯುವ ದಾರಿಯಲ್ಲಿ. ಇಷ್ಟು ದೊಡ್ಡ ವಿಷಯ ನಮ್ಮ ಕೈಯಲ್ಲಿದ್ದೂ, ಹೆಣ್ಣಿನ ಮೈ ಬಗ್ಗೆ ಎಷ್ಟೋ ಸಭೆಗಳಲ್ಲಿ ಕೇಳಿಬರುವುದು ಸೆರಗು ಸರಿ ಮಾಡ್ಕೋ ಅನ್ನುವ ಮಾತು ಮಾತ್ರ. ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ.

ನನ್ನನ್ನು ನಾನು ಬೈದುಕೊಳ್ಳುವುದು ದೀನತೆ ಅಲ್ವಾ ಅಕ್ಕ? ಹೊಗಳಿಕೊಂಡರೆ ತಾನೇ ಅಹಂಕಾರ?

ಅಲ್ಲ. ಇಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

"ಥೂ, ಈ ಮುಖಕ್ಕೆ ಇಷ್ಟೇ ಸಾಕು." "ಎಮ್ಮೆ ಹಾಗೆ ಆಗಿದ್ದೀನಿ." "ನನ್ನಂಥವಳನ್ನು ಯಾರು ಇಷ್ಟಪಡ್ತಾರೆ." ಪಕ್ಕದ ಬೆಂಚಿನಲ್ಲಿ ಕೂತಿರುವ ತಂಗಿಗೆ ಇದನ್ನು ಹೇಳ್ತೀರಾ? ಬಾಯಿ ತಪ್ಪಿ ಬಂದರೂ ಆ ರಾತ್ರಿ ದೇವರ ಹತ್ತಿರ ಕ್ಷಮೆ ಕೇಳ್ತೀರಿ. ಹಾಗಿದ್ದ ಮೇಲೆ ನಿಮಗೆ ನೀವು ಹೇಳಿಕೊಂಡಾಗ ಮಾತ್ರ ಅದು ಒಳ್ಳೆಯ ಗುಣ ಹೇಗಾಗುತ್ತೆ? ಇದೇ ನಾಲಿಗೆಯಿಂದ ತಂದೆಯನ್ನು ಕೊಂಡಾಡ್ತೀವಿ, ಇದರಿಂದಲೇ ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸ್ತೀವಿ, ಹೀಗಾಗಬಾರದು ಅಂತ ಯಾಕೋಬ ಬರೆದ (ಯಾಕೋಬ 3:9-10). ಆ ಮನುಷ್ಯರಲ್ಲಿ ನೀವೂ ಒಬ್ಬರು. ನೆರೆಯವರ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅನ್ನುವ ಆಜ್ಞೆಯನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀವಿ. ನನ್ನನ್ನು ಯಾರೂ ಪ್ರೀತಿಸಲಾರರು ಅನ್ನುವುದು ನಿಮ್ಮ ಮೇಲೆ ನೀವೇ ಹೇಳುವ ಸುಳ್ಳು ಸಾಕ್ಷಿ. ಶಿಲುಬೆ ಅದಕ್ಕೆ ಪೂರ್ತಿ ವಿರುದ್ಧವಾಗಿ ಹೇಳುತ್ತದೆ.

ದೀನತೆ ಹೇಗಿರುತ್ತೆ ಅಂತ ನೋಡಬೇಕಿದ್ದರೆ ಮರಿಯಳ ಹಾಡು ಓದಿ (ಲೂಕ 1:48). ದೇವರು ತನ್ನ ದಾಸಿಯ ದೀನಸ್ಥಿತಿಯನ್ನು ನೋಡಿದ ಅಂತಾಳೆ, ಅದರ ಹಿಂದೆಯೇ ಇನ್ನು ಮೇಲೆ ಎಲ್ಲ ತಲೆಮಾರಿನವರೂ ನನ್ನನ್ನು ಧನ್ಯಳು ಅನ್ನುತ್ತಾರೆ ಅಂತಲೂ ಹೇಳ್ತಾಳೆ. ಎರಡೂ ನಿಜ, ಎರಡನ್ನೂ ಹೇಳಿದಳು. ಇಡೀ ದಿನ ತನ್ನ ಮೈಯನ್ನು ಬೈದುಕೊಳ್ಳುವ ಹೆಣ್ಣುಮಗಳಿಗೆ, ಪಾಪ, ಬೇರೆ ಏನನ್ನೂ ಯೋಚಿಸಲು ಬಿಡುವೇ ಸಿಗುವುದಿಲ್ಲ. ಅದು ದೀನತೆ ಅಲ್ಲ, ಸೆರೆ.

ಹಾಗಾದ್ರೆ ಕನ್ನಡಿ ಮುಂದೆ ನಿಂತು "ನಾನು ತುಂಬಾ ಸುಂದರಿ" ಅಂತ ಹೇಳ್ಕೋಬೇಕಾ? ನನಗದು ಸುಳ್ಳು ಅನ್ಸುತ್ತೆ.

ಬೇಕಾಗಿಲ್ಲ. ಮನಸ್ಸು ಒಪ್ಪದ ಮಾತನ್ನು ಬಲವಂತವಾಗಿ ಹೇಳಿಕೊಂಡರೆ ಒಳಗಿನ ದನಿ ಇನ್ನೂ ಜೋರಾಗುತ್ತದೆ. ಮಹಿಳಾ ಭಾನುವಾರ ಬಂದರೆ ಕೀರ್ತನೆ 139 ಓದಿ "ನೀವೆಲ್ಲ ಸುಂದರಿಯರು" ಅಂತ ಮುಗಿಸಿಬಿಡ್ತಾರೆ. ಆ ಕೀರ್ತನೆ ಹಾಗೆ ಹೇಳುತ್ತಿಲ್ಲ. ತಾಯಿಯ ಗರ್ಭದಲ್ಲಿ ನನ್ನನ್ನು ಹೆಣೆದವನು ನೀನು, ನಿನ್ನ ಕೆಲಸ ಅದ್ಭುತ ಅನ್ನುತ್ತದೆ. ಹೊಗಳಿಕೆ ಮಾಡಿದವನಿಗೆ ಸಲ್ಲುತ್ತದೆ.

ಎಲ್ಲರೂ ಒಂದೇ ಸಮ ಚೆಲುವೆಯರು ಅಂತ ಬೈಬಲ್ ಎಲ್ಲೂ ಹೇಳಲ್ಲ. ಆದಿಕಾಂಡ 29ರಲ್ಲಿ ರಾಹೇಲ ರೂಪವತಿ ಅಂತ ಬರೆದಿದೆ, ಅಕ್ಕ ಲೇಯಳ ಕಣ್ಣು ಕಳೆ ಇಲ್ಲದ್ದು ಅಂತಲೂ ಬರೆದಿದೆ. ರಾಹೇಲಳನ್ನು ಬಯಸಿದ್ದವನಿಗೆ ಅಪ್ಪ ಮೋಸದಿಂದ ಲೇಯಳನ್ನು ಮದುವೆ ಮಾಡಿಕೊಟ್ಟ. ಮದುವೆಯ ಮಾರನೇ ಬೆಳಗ್ಗೆ ಗಂಡ ತನ್ನನ್ನು ನೋಡಿ, ಸೀದಾ ಅಪ್ಪನ ಹತ್ತಿರ ಹೋಗಿ ನನಗೆ ಮೋಸ ಮಾಡಿದಿ ಅಂತ ಜಗಳಕ್ಕೆ ನಿಂತರೆ ಆ ಹೆಣ್ಣಿಗೆ ಹೇಗಾಗಿರಬೇಡ? ಮೊದಲ ಮಗ ಹುಟ್ಟಿದಾಗ ಇನ್ನು ಗಂಡ ನನ್ನನ್ನು ಪ್ರೀತಿಸ್ತಾನೆ ಅಂದಳು. ಮೂರನೆಯವನು ಹುಟ್ಟಿದಾಗಲೂ ಅದೇ ಆಸೆ. ನಾಲ್ಕನೇ ಮಗ ಹುಟ್ಟಿದಾಗ ಗಂಡನ ಮಾತೇ ಎತ್ತಲಿಲ್ಲ, ಈ ಸಲ ಕರ್ತನನ್ನು ಸ್ತುತಿಸ್ತೀನಿ ಅಂದಳು. ಆ ಮಗನೇ ಯೆಹೂದ. ದಾವೀದನೂ ಯೇಸುವೂ ಬಂದದ್ದು ಅವನ ವಂಶದಲ್ಲಿ, ಚೆಲುವೆ ರಾಹೇಲಳ ವಂಶದಲ್ಲಿ ಅಲ್ಲ. ದೇವರು ಲೇಯಳ ಕಣ್ಣನ್ನೇನೂ ಬದಲಾಯಿಸಲಿಲ್ಲ. ಗಂಡ ಪ್ರೀತಿಸದೆ ಇದ್ದವಳನ್ನು ತಾನು ನೋಡಿದ ಅಂತ ಬರೆದಿದೆ, ಅಷ್ಟೇ. ಅವಳ ದುಃಖ ಅಲ್ಲಿಗೇ ಮುಗಿಯಲೂ ಇಲ್ಲ, ಮುಂದಿನ ಅಧ್ಯಾಯದಲ್ಲಿ ಮತ್ತೆ ಅಕ್ಕತಂಗಿಯರ ಹೊಟ್ಟೆಕಿಚ್ಚು, ಜಗಳ. ಇಷ್ಟು ನಿಜವಾಗಿ ಬರೆದಿದ್ದಕ್ಕೇ ನನಗೆ ಆ ಕಥೆ ಇಷ್ಟ.

ಮೆಸ್ಸೀಯನ ಬಗ್ಗೆಯೂ ಯೆಶಾಯ 53:2 ಹೇಳುವುದು, ನೋಡಿದವರು ಮೆಚ್ಚುವಂಥ ಚೆಲುವು ಅವನಿಗೆ ಇರಲಿಲ್ಲ ಅಂತ. ಹಾಗಾಗಿ "ನಾನು ಸುಂದರಿ" ಅನ್ನುವ ಬದಲು ಇಷ್ಟು ಹೇಳಿ ನೋಡಿ: "ಇದು ನನ್ನ ಮೈ. ದೇವರು ಕೊಟ್ಟಿದ್ದು. ಇದನ್ನು ಚೆನ್ನಾಗಿ ನೋಡ್ಕೋತೀನಿ." ಇದರಲ್ಲಿ ಸುಳ್ಳು ಯಾವುದೂ ಇಲ್ಲ.

ನಾನು ಕಪ್ಪು. ಸಂಬಂಧಗಳು ಬಂದು ಬಂದು ವಾಪಸ್ ಹೋಗ್ತಿವೆ. ದೇವರು ನನ್ನನ್ನು ಯಾಕೆ ಹೀಗೆ ಮಾಡಿದ?

ದೇವರು ಮಾಡಿದ್ದರಲ್ಲಿ ತಪ್ಪಿಲ್ಲ, ನೋಡಲು ಬಂದವರ ಕಣ್ಣಲ್ಲಿ ತಪ್ಪಿದೆ. ಕ್ರೈಸ್ತರೂ ಇದರಲ್ಲಿ ಯಾರಿಗೂ ಕಮ್ಮಿ ಇಲ್ಲ ಅನ್ನುವುದು ನಮ್ಮ ನಾಚಿಕೆ. ವಿಶ್ವಾಸಿ ಕುಟುಂಬ, ಪ್ರಾರ್ಥನೆ ಮಾಡುವ ಹುಡುಗಿ ಬೇಕು ಅಂತ ಬರೆದು, ಅದರ ಪಕ್ಕದಲ್ಲೇ ಬೆಳ್ಳಗೆ ತೆಳ್ಳಗೆ ಇರಬೇಕು ಅಂತಲೂ ಬರೆಯುತ್ತಾರೆ. ಮಂಗಳೂರು ಕಡೆ ಮದುವೆಗೆ ಮುಂಚೆ ರೋಸ್ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದು ಎಷ್ಟು ಚೆಂದದ ಪದ್ಧತಿ! ಅಲ್ಲೂ ಯಾರಾದರೂ ಒಬ್ಬರು "ಜಾಸ್ತಿ ಹಚ್ಚಿ, ಸ್ವಲ್ಪ ಬೆಳ್ಳಗಾಗ್ಲಿ" ಅಂದುಬಿಟ್ಟರೆ ಆ ಹುಡುಗಿ ಅದನ್ನು ವರ್ಷಗಟ್ಟಲೆ ಮರೆಯುವುದಿಲ್ಲ.

ಪರಮಗೀತದ ಮೊದಲ ಅಧ್ಯಾಯ ತೆಗೆಯಿರಿ. ಮಾತಾಡುತ್ತಿರುವ ಹುಡುಗಿ ಕಪ್ಪು. ಅಣ್ಣಂದಿರು ಸಿಟ್ಟಿನಿಂದ ಅವಳನ್ನು ದ್ರಾಕ್ಷಿತೋಟ ಕಾಯಲು ಹಾಕಿದ್ದಾರೆ, ಬಿಸಿಲು ಅವಳನ್ನು ಇನ್ನೂ ಕಪ್ಪು ಮಾಡಿದೆ. ಯೆರೂಸಲೇಮಿನ ಹುಡುಗಿಯರು ನೋಡಿದಾಗ, ನನ್ನನ್ನು ಹಾಗೆ ದಿಟ್ಟಿಸಬೇಡಿ ಅಂತಾಳೆ. ಆ ನೋಟ ಅವಳಿಗೂ ಚುಚ್ಚಿದೆ, ಗೊತ್ತಾಗುತ್ತೆ. ಆದರೂ ತಾನು ಚೆಲುವೆ ಅಂತ ಹೇಳುವುದನ್ನು ಅವಳು ಬಿಡಲಿಲ್ಲ, ಮುಂದಿನ ಪ್ರೇಮಗೀತೆ ಎಲ್ಲ ಅವಳದ್ದೇ.

ಬಣ್ಣದ ಆಸೆ ಇಲ್ಲಿ ದೊಡ್ಡ ವ್ಯಾಪಾರ. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು, ಹೆಸರು ಗ್ಲೋ ಅಂಡ್ ಲವ್ಲಿ ಆಗಿದ್ದು 2020ರಲ್ಲಿ. ಅಂದ್ರೆ ಅಜ್ಜಿ, ಅಮ್ಮ, ಮಗಳು ಮೂರು ತಲೆಮಾರು ಆ ಹೆಸರು ಕೇಳಿಕೊಂಡೇ ಬೆಳೆದಿದ್ದಾರೆ. ಇನ್ನೊಂದು ವಿಷಯ ತುಂಬಾ ಮುಖ್ಯ: ಮೆಡಿಕಲ್ ಶಾಪಿನಲ್ಲಿ ಯಾರೋ ಹೇಳಿದರು ಅಂತ ಸ್ಟೆರಾಯ್ಡ್ ಇರುವ ಕ್ರೀಮ್ ತಂದು ಮುಖಕ್ಕೆ ಹಚ್ಚಬೇಡಿ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಅಂತ ಟ್ಯೂಬ್ ಮೇಲೆ ಬರೆದಿದ್ದರೆ ಅದು ಸ್ಟೆರಾಯ್ಡ್. ಮೊದಲು ಮುಖ ತಿಳಿಯಾದ ಹಾಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಕೂದಲು ಬೆಳೆದು, ಬಿಟ್ಟರೆ ಉರಿ ತಡೆಯಲು ಆಗದೆ ಮತ್ತೆ ಅದನ್ನೇ ಹಚ್ಚುವ ಹಾಗಾಗುತ್ತದೆ. 2018ರಲ್ಲೇ ಸರ್ಕಾರ ಇಂಥ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿದೆ. ಈಗಾಗಲೇ ಹಚ್ಚುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಬಣ್ಣ ನೋಡಿ ಬೇಡ ಅಂದವರ ಮನೆಗೆ ನೀವು ಹೋಗದೆ ಇದ್ದದ್ದಕ್ಕೆ ನಾನು ದೇವರಿಗೆ ಸ್ತೋತ್ರ ಹೇಳ್ತೀನಿ. ಕಾಯುವುದು ಕಷ್ಟ, ಅದು ಗೊತ್ತು.

ದೇಹ ದೇವಾಲಯ, ದಪ್ಪ ಆಗುವುದು ಪಾಪ ಅಂತ ಪ್ರಸಂಗದಲ್ಲಿ ಕೇಳಿದೆ. ನಿಜಾನಾ?

1 ಕೊರಿಂಥ 6ನೇ ಅಧ್ಯಾಯ ಪೂರ್ತಿ ಓದಿ. ಪೌಲ ಅಲ್ಲಿ ಮಾತಾಡುತ್ತಿರುವುದು ವೇಶ್ಯೆಯರ ಹತ್ತಿರ ಹೋಗುತ್ತಿದ್ದ ಕೊರಿಂಥದ ಗಂಡಸರ ಬಗ್ಗೆ, ಸೊಂಟದ ಅಳತೆ ಬಗ್ಗೆ ಅಲ್ಲ. ಆ ವಚನವನ್ನು ಎತ್ತಿ ದಪ್ಪ ಇರುವ ಹೆಣ್ಣುಮಕ್ಕಳ ಮೇಲೆ ಎಸೆಯುವುದು ಅನ್ಯಾಯ. ಹೊಟ್ಟೆಬಾಕ, ಕುಡುಕ ಅಂತ ಯೇಸುವಿಗೇ ಅಂದಿದ್ದರು (ಲೂಕ 7:34). ಜನರ ಮನೆಯಲ್ಲಿ ಕೂತು ಊಟ ಮಾಡುವುದನ್ನು ಆತ ಅದಕ್ಕಾಗಿ ಬಿಡಲಿಲ್ಲ.

ಆರೋಗ್ಯ ನೋಡಿಕೊಳ್ಳುವುದು ಬೇರೆ ಮಾತು. ಶುಗರ್, ಬಿಪಿ, ಮಂಡಿನೋವು ಇದ್ದರೆ ಡಾಕ್ಟರ್ ಹೇಳಿದ ಹಾಗೆ ತೂಕ ಇಳಿಸಿ, ಬೆಳಗ್ಗೆ ವಾಕಿಂಗ್ ಹೋಗಿ. ದೇಹಸಾಧನೆಯಿಂದಲೂ ಸ್ವಲ್ಪ ಲಾಭ ಇದೆ ಅಂತ ಪೌಲನೇ ಬರೆದಿದ್ದಾನೆ (1 ತಿಮೊಥೆ 4:8). ಮೈಯನ್ನು ದ್ವೇಷಿಸಿ ಇಳಿಸಲು ಹೊರಟವರಿಗೆ ಮಾತ್ರ ಎಷ್ಟು ಇಳಿದರೂ ಸಾಕು ಅನ್ನಿಸುವುದಿಲ್ಲ.

ಉಪವಾಸ ಪ್ರಾರ್ಥನೆ ಮಾಡಿದರೆ ತೂಕವೂ ಇಳಿಯುತ್ತೆ. ಒಂದೇ ಕಲ್ಲಿಗೆ ಎರಡು ಹಣ್ಣು ಅಲ್ವಾ?

ಇದನ್ನು ಕೇಳಿದಾಗ ನನಗೆ ಭಯ ಆಗುತ್ತದೆ. ನಲವತ್ತು ದಿನದ ಉಪವಾಸದಲ್ಲಿ ದಿನಾ ಬೆಳಗ್ಗೆ ತೂಕದ ಮೆಷಿನ್ ಮೇಲೆ ನಿಲ್ಲುತ್ತಿದ್ದರೆ ಆ ಉಪವಾಸ ದೇವರಿಗಾಗಿ ಅಲ್ಲ. ಅದು ತಪ್ಪು ಅಂತ ಬೈಯುವುದಕ್ಕಲ್ಲ ಹೇಳ್ತಿರೋದು. ಭಕ್ತಿಯ ಹೆಸರಿದ್ದರೆ ಊಟದ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ, ಅದಕ್ಕೆ ಹೇಳ್ತಿದ್ದೀನಿ. ಜನ ಹೊಗಳುತ್ತಾರೆ ಬೇರೆ.

ಇದು ಹಳೆಯ ಸಮಸ್ಯೆ. 13ನೇ ಶತಮಾನದಲ್ಲಿ ಅಸ್ಸಿಸಿಯ ಸಂತ ಕ್ಲಾರ ವಾರದಲ್ಲಿ ಮೂರು ದಿನ ಏನೂ ತಿನ್ನದೆ ಇರುತ್ತಿದ್ದಳು, ಕೊನೆಗೆ ಫ್ರಾನ್ಸಿಸ್ ಮತ್ತು ಅಲ್ಲಿನ ಬಿಷಪ್ ಸೇರಿ ದಿನಕ್ಕೆ ಸ್ವಲ್ಪ ರೊಟ್ಟಿಯಾದರೂ ತಿನ್ನಲೇಬೇಕು ಅಂತ ಆಜ್ಞೆ ಮಾಡಿದರು. ಅದೇ ಕ್ಲಾರ ಮುಂದೆ ಪ್ರಾಗ್‌ನ ಆಗ್ನೆಸ್‌ಗೆ ಪತ್ರ ಬರೆದು, ನಮ್ಮ ಮೈ ಕಂಚಿನದಲ್ಲ, ಅತಿಯಾದ ಉಪವಾಸ ಬೇಡ ಅಂತ ಬೇಡಿಕೊಂಡಳು. ಆರೋಗ್ಯ ಹಾಳುಮಾಡಿಕೊಂಡ ಹೆಣ್ಣೊಬ್ಬಳು ಇನ್ನೊಬ್ಬಳಿಗೆ ಹೇಳಿದ ಮಾತು ಅದು.

ತಿಂದಿದ್ದನ್ನು ಬೇಕಂತಲೇ ವಾಂತಿ ಮಾಡುವುದು, ಎಲ್ಲರ ಜೊತೆ ಊಟಕ್ಕೆ ಕೂರದೆ ತಪ್ಪಿಸಿಕೊಳ್ಳುವುದು, ಕದ್ದು ವಿಪರೀತ ತಿಂದು ಆಮೇಲೆ ನಾಚಿಕೆಪಡುವುದು, ಮುಟ್ಟು ನಿಂತುಹೋಗುವುದು, ತಲೆಸುತ್ತು. ಇವುಗಳಲ್ಲಿ ಯಾವುದಾದರೂ ಇದ್ದರೆ ಉಪವಾಸ ನಿಲ್ಲಿಸಿ ಡಾಕ್ಟರನ್ನು ನೋಡಿ. ಲೆಂಟ್ ದಿನಗಳಲ್ಲಿ ಏನಾದರೂ ಬಿಡಲೇಬೇಕು ಅನ್ನಿಸಿದರೆ ಊಟ ಬಿಡಬೇಡಿ, ತೂಕದ ಮೆಷಿನ್ ಬಿಡಿ.

ಮಗು ಆದ ಮೇಲೆ ನನ್ನ ಮೈ ನನ್ನದೇ ಅನ್ಸಲ್ಲ. ಗಂಡನ ಮುಂದೆ ಸೀರೆ ಬದಲಾಯಿಸಲೂ ನಾಚಿಕೆ.

ಒಂಬತ್ತು ತಿಂಗಳು ಒಂದು ಜೀವ ಹೊತ್ತ ಹೊಟ್ಟೆ ನಲವತ್ತು ದಿನದ ಬಾಣಂತನದಲ್ಲಿ ಮೊದಲಿನ ಹಾಗಾಗಬೇಕು ಅಂತ ಯಾರು ಹೇಳಿದ್ದು? ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯದ ಗುರುತು ಹಾಗೇ ಇತ್ತು (ಯೋಹಾನ 20:27). ಮಹಿಮೆಯ ಮೈಯಲ್ಲೂ ಆತ ಅದನ್ನು ಅಳಿಸಿಕೊಳ್ಳಲಿಲ್ಲ, ತೋಮನಿಗೆ ತೋರಿಸಿದ. ಪ್ರೀತಿಗಾಗಿ ಮೈಮೇಲೆ ಬಂದ ಗುರುತಿಗೆ, ಸಿಸೇರಿಯನ್ ಗಾಯಕ್ಕೆ ನಾಚಬೇಡಿ. ಗಂಡನ ಹತ್ತಿರ ಬಾಯಿಬಿಟ್ಟು ಹೇಳಿ. ಅವರಿಗೆ ನಿಮ್ಮ ಮನಸ್ಸಿನಲ್ಲಿ ಏನು ನಡೀತಿದೆ ಅಂತ ಗೊತ್ತೇ ಇಲ್ಲದಿರಬಹುದು. ಆದರೆ ಎರಡು ವಾರ ಕಳೆದರೂ ಅಳು ನಿಲ್ಲದೆ ಇದ್ದರೆ, ಮಗುವಿನ ಮೇಲೂ ಮನಸ್ಸು ಬರದೆ ಇದ್ದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಹೆರಿಗೆ ಡಾಕ್ಟರಿಗೇ ಹೇಳಿ, ಔಷಧಿ ಇದೆ.

ಪಿಸಿಓಡಿ ಇದೆ. ಗಡ್ಡದ ಕೂದಲು, ಮೊಡವೆ, ತೂಕ. ಇದು ಶಾಪಾನಾ?

ಶಾಪ ಅಲ್ಲ, ಹಾರ್ಮೋನಿನ ಏರುಪೇರು. ತುಂಬಾ ಜನರಿಗೆ ಇದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಕೂದಲು ತೆಗೆಸಿಕೊಳ್ಳುವುದರಲ್ಲಿ ಪಾಪ ಇಲ್ಲ, ಚಿಕಿತ್ಸೆ ತಗೊಳ್ಳುವುದರಲ್ಲೂ ಇಲ್ಲ. 18 ವರ್ಷ ಬೆನ್ನು ಬಗ್ಗಿಸಿಕೊಂಡೇ ಇದ್ದ ಹೆಂಗಸನ್ನು ಯೇಸು ಸಭಾಮಂದಿರದಲ್ಲಿ ಎಲ್ಲರ ಎದುರು ಕರೆದು, ಅಬ್ರಹಾಮನ ಮಗಳು ಅಂದ (ಲೂಕ 13). ಅವಳ ಪಾಪದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಪಾರ್ಲರ್‌ಗೆ ಹೋಗಬಹುದಾ?

ಹೋಗಿ. 1 ಪೇತ್ರ 3 ಜಡೆ, ಒಡವೆ ಮಾತ್ರವೇ ನಿಮ್ಮ ಅಲಂಕಾರ ಆಗದಿರಲಿ ಅನ್ನುತ್ತದೆ. ಐಬ್ರೋ ಮಾಡಿಸಿದ ತಂಗಿಯನ್ನು ನೋಡಿ ಮುಖ ತಿರುಗಿಸುವವರು ಅದೇ ಭಾಗದಲ್ಲಿರುವ ಸಾತ್ವಿಕ ಮನಸ್ಸಿನ ಮಾತನ್ನೂ ಓದಲಿ.

ಆ ದನಿಯನ್ನು ನಿಲ್ಲಿಸುವುದು ಹೇಗೆ? ಪ್ರಾರ್ಥನೆ ಮಾಡಿದ್ದೀನಿ, ಮತ್ತೆ ಬರುತ್ತೆ.

ಮತ್ತೆ ಬರುತ್ತದೆ. ಕೀರ್ತನೆ 42 ಮತ್ತು 43 ಜೊತೆಗೆ ಓದಿ. ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀಯ, ದೇವರನ್ನು ನಿರೀಕ್ಷಿಸು ಅಂತ ಕೀರ್ತನೆಗಾರ ತನಗೆ ತಾನೇ ಹೇಳಿಕೊಳ್ಳುತ್ತಾನೆ, ಒಂದು ಸಲ ಅಲ್ಲ, ಮೂರು ಸಲ. ಅವನಿಗೂ ಒಂದು ಸಲಕ್ಕೆ ಸಾಕಾಗಲಿಲ್ಲ. ಆದರೆ ಅವನು ಒಳಗಿನ ಮಾತನ್ನು ಸುಮ್ನೆ ಕೇಳಿಸಿಕೊಂಡು ಕೂರಲಿಲ್ಲ, ತಿರುಗಿ ಮಾತಾಡಿದ.

ನೀವೂ ಹೀಗೆ ಮಾಡಿ ನೋಡಿ. ಆ ಮಾತು ಬಂದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಬಂದ ಹಾಗೇ ಬರೆದುಬಿಡಿ. ತಲೆಯೊಳಗೆ ಅದು ಸತ್ಯದ ಹಾಗೆ ಕೇಳಿಸುತ್ತೆ, ಕಾಗದದ ಮೇಲೆ ನೋಡಿದರೆ ಎಷ್ಟು ಕ್ರೂರ ಅಂತ ಕಾಣುತ್ತೆ. ಇದನ್ನು ಮೊದಲು ಯಾರ ಬಾಯಲ್ಲಿ ಕೇಳಿದೆ ಅಂತ ಯೋಚಿಸಿ. ಸೋದರತ್ತೆಯಾ, ಶಾಲೆಯ ಹುಡುಗರಾ, ಅಮ್ಮನಾ? ಬಹಳ ಸಲ ಆ ದನಿ ನಿಮ್ಮದೇ ಅಲ್ಲ. ಆಮೇಲೆ ಪಕ್ಕದಲ್ಲಿ ಉತ್ತರ ಬರೆಯಿರಿ, ನಿಮ್ಮ ಪ್ರೀತಿಯ ಗೆಳತಿ ಹೀಗೆ ಅಂದಿದ್ದರೆ ಅವಳಿಗೆ ಏನು ಹೇಳ್ತಿದ್ದಿರೋ ಅದನ್ನೇ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲೂ ಇಂಥ ಕೆಲಸ ಇದೆ: ತಾನಾಗಿ ನುಗ್ಗುವ ಯೋಚನೆಯನ್ನು ಹಿಡಿದು, ಇದು ನಿಜವಾ ಅಂತ ಪರೀಕ್ಷಿಸುವುದು.

ಇದು ಪವಿತ್ರಾತ್ಮ ನನ್ನನ್ನು ತಿದ್ದುತ್ತಿರುವ ದನಿ ಇರಬಹುದಾ ಅಂತ ಕೆಲವರು ಕೇಳ್ತಾರೆ. ದೇವರು ತಿದ್ದುವಾಗ ಮಾಡಿದ ತಪ್ಪು ಯಾವುದು ಅಂತ ಹೇಳುತ್ತಾನೆ, ವಾಪಸ್ ಬರುವ ದಾರಿಯನ್ನೂ ತೋರಿಸುತ್ತಾನೆ. "ನೀನು ಅಸಹ್ಯ" ಅನ್ನುವ ಮಾತಿನಲ್ಲಿ ತಪ್ಪೂ ಇಲ್ಲ, ದಾರಿಯೂ ಇಲ್ಲ. ಕ್ರಿಸ್ತನಲ್ಲಿ ಇರುವವರಿಗೆ ಅಪರಾಧನಿರ್ಣಯ ಇಲ್ಲ ಅಂತ ರೋಮಾಪುರ 8:1 ಹೇಳಿದ ಮೇಲೆ ಆ ಮಾತು ದೇವರದ್ದಾಗಲು ಸಾಧ್ಯವಿಲ್ಲ.

ಇನ್‌ಸ್ಟಾಗ್ರಾಮ್ ಬಿಡಬೇಕಾ?

ನೋಡಿ ಮುಗಿಸಿದ ಮೇಲೆ ಮನಸ್ಸು ಹೇಗಿರುತ್ತೆ ಅಂತ ಗಮನಿಸಿ. ಆ ಕಂಪನಿಯ ಒಳಗಿನ ಸಂಶೋಧನೆಯೇ 2021ರಲ್ಲಿ ಹೊರಬಂತು: ಮೈ ಬಗ್ಗೆ ಬೇಸರ ಆದಾಗ ಇನ್‌ಸ್ಟಾಗ್ರಾಮ್ ಅದನ್ನು ಜಾಸ್ತಿ ಮಾಡಿತು ಅಂತ ಹದಿಹರೆಯದ ಹುಡುಗಿಯರಲ್ಲಿ ಶೇ 32 ಮಂದಿ ಹೇಳಿದ್ದರು. ಪೂರ್ತಿ ಬಿಡಲು ಆಗದಿದ್ದರೆ ನಿಮ್ಮನ್ನು ಕುಗ್ಗಿಸುವ ಅಕೌಂಟುಗಳನ್ನಾದರೂ ಅನ್‌ಫಾಲೋ ಮಾಡಿ. ವರ್ಶಿಪ್ ಹಾಡುವವರ ಅಕೌಂಟಾದರೂ ಸರಿ, ಕುಗ್ಗಿಸಿದರೆ ಬೇಡ.

ಆರಾಧನೆ ಮುಗಿದು ಬಾಗಿಲಲ್ಲಿ ಆಂಟಿಯರು "ಎಷ್ಟು ದಪ್ಪ ಆಗಿದ್ದೀಯಲ್ಲೇ" ಅಂತಾರೆ. ಏನು ಹೇಳಲಿ?

"ಆಂಟಿ, ಆ ಮಾತು ಕೇಳಿದ್ರೆ ನನಗೆ ನೋವಾಗುತ್ತೆ. ನನಗೋಸ್ಕರ ಪ್ರಾರ್ಥನೆ ಮಾಡಿ." ಇಷ್ಟೇ ಸಾಕು, ಮರ್ಯಾದೆಯೂ ಉಳಿಯುತ್ತೆ. ಅವರಲ್ಲಿ ಹೆಚ್ಚಿನವರು ಪ್ರೀತಿಯಿಂದಲೇ ಮಾತು ಶುರುಮಾಡುತ್ತಾರೆ, ಕಂಡ ಕೂಡಲೇ ಮೈ ಬಗ್ಗೆ ಏನಾದರೂ ಅನ್ನುವುದು ಅವರಿಗೆ ರೂಢಿ. ಸೊರಗಿದವಳಿಗೆ "ಊಟ ಹಾಕಲ್ವಾ ಮನೇಲಿ" ಅನ್ನುವುದೂ ಅಷ್ಟೇ ಚುಚ್ಚುತ್ತದೆ. ಆಂಟಿಯರೇ, ನೀವೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಮುಂದಿನ ಭಾನುವಾರ "ಚೆನ್ನಾಗಿದ್ದೀಯಾ ಮಗಳೇ, ಕೆಲಸ ಹೇಗಿದೆ" ಅಂತ ಕೇಳಿ.

ಕೌನ್ಸೆಲಿಂಗ್‌ಗೆ ಹೋದರೆ ನಂಬಿಕೆ ಕಮ್ಮಿ ಅಂತ ಆಗುತ್ತಾ?

ಆಗುವುದಿಲ್ಲ. ಕಾಲು ಮುರಿದರೆ ಪ್ರಾರ್ಥನೆ ಮಾಡಿಕೊಂಡೇ ಆಸ್ಪತ್ರೆಗೆ ಹೋಗ್ತೀವಿ. ಮನಸ್ಸಿನ ವಿಷಯದಲ್ಲೂ ಹಾಗೆಯೇ ಹೋಗಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಬದುಕೇ ಬೇಡ ಅನ್ನುವ ಯೋಚನೆ ಬಂದಿದ್ದರೆ ಅಯ್ಯನವರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಈಗಲೇ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ನನ್ನ ಹನ್ನೊಂದು ವರ್ಷದ ಮಗಳು "ನಾನು ಡುಮ್ಮಿ, ಫೋಟೊ ತೆಗೀಬೇಡ" ಅಂತಾಳೆ. ನಾನೇನು ಮಾಡಲಿ?

ಮೊದಲು ಅವಳ ಎದುರು ನಿಮ್ಮ ಮೈಯನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸಿ. ಬ್ಲೌಸ್ ಬಿಗಿಯಾದಾಗ ನೀವು ಅನ್ನುವ ಮಾತು ಅವಳ ಕಿವಿಗೆ ಬೀಳುತ್ತಿದೆ. ಅಕ್ಕ ಬೆಳ್ಳಗೆ, ಇವಳು ಕಪ್ಪು ಅಂತ ಹೋಲಿಸುವ ನೆಂಟರನ್ನು ಅವಳ ಮುಂದೆಯೇ ತಡೆಯಿರಿ, ಅತ್ತೆಯವರಾದರೂ ಸರಿ, ಮೆತ್ತಗೆ ಆದರೂ ಸರಿ, ತಡೆಯಿರಿ. ತಟ್ಟೆ ನೋಡಿ "ಇನ್ನೊಂದು ಚಪಾತಿ ಬೇಕಾ ನಿನಗೆ" ಅನ್ನಬೇಡಿ. ಈ ವಯಸ್ಸಿನಲ್ಲಿ ಮೈ ಸ್ವಲ್ಪ ತುಂಬಿಕೊಳ್ಳುವುದು ಸಹಜ, ದೊಡ್ಡವಳಾಗುವ ಮುಂಚೆ ದೇಹ ಅದಕ್ಕೆ ಸಿದ್ಧವಾಗುತ್ತಿರುತ್ತದೆ, ಅದನ್ನು ಅವಳಿಗೆ ಬಿಡಿಸಿ ಹೇಳಿ. "ಇಲ್ಲ, ನೀನು ಡುಮ್ಮಿ ಅಲ್ಲ" ಅಂತ ವಾದಕ್ಕೆ ಇಳಿಯುವ ಬದಲು, ಹಾಗೆ ಯಾರು ಅಂದರು ಅಂತ ಕೇಳಿ. ಶಾಲೆಯಲ್ಲಿ ಅಡ್ಡಹೆಸರು ಇಟ್ಟಿದ್ದರೆ "ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ" ಅಂದು ಭಾರವನ್ನು ಅವಳ ಮೇಲೇ ಹಾಕಬೇಡಿ. ನೀವೇ ಹೋಗಿ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಏನು ಮಾತಾಡಿದಿರಿ ಅಂತ ಅವಳಿಗೂ ಹೇಳಿ.